ಬರ್ಲಿ ತಾತನ ಜಾಗದಲ್ಲಿ ಕ್ಯಾಮೆರಾ

ನಗೋರು ಈಗಲೇ ನಕ್ಕುಬಿಡಿ. ಮಧ್ಯದಲ್ಲಿ ನಕ್ಕರೆ ನಾನು ಎದ್ದು ಹೋಗಿ ಮಲಗ್ತೀನಿ, ಆಮೇಲೆ ಮುಂದೇನಾಯ್ತು ಮುಂದೇನಾಯ್ತು ಅಂತ ಬಾಗಿಲು ಬಡಿಯೋ ಹಾಗಿಲ್ಲ. ಇದು ಯಾರೋ ಯಾರಿಗೋ ಹೇಳಿ, ಅವರು ಇನ್ಯಾರಿಗೋ ಹೇಳಿದ ಕತೆ ಅಲ್ಲ. ನಮ್ಮ ಚಿಕ್ಕಪ್ಪನ ಮಗನಿಗೇ ಆಗಿದ್ದು. ಆಸಾಮಿ ಇದಾನೆ, ಲಾರಿ ಇದೆ, ಆ ಬಾವಿನೂ ಇದೆ.

ಅವನನ್ನ ಇಟ್ಟ ಹೆಸರಲ್ಲಿ ಕರೆದ್ರೆ ಅವನೇ ತಿರುಗಿ ನೋಡಲ್ಲ. ಊರಿಗೆಲ್ಲ ಅವನು ಗಡಿಬಿಡಿ. ಕೂತಲ್ಲಿ ಕೂರಲ್ಲ, ನಿಂತಲ್ಲಿ ನಿಲ್ಲಲ್ಲ, ಊಟಕ್ಕೆ ಕೂತರೂ ಕಣ್ಣು ಬಾಗಿಲ ಕಡೆಗೇ. ಮನೆ ಬದಲಾಯಿಸೋರ ಸಾಮಾನು ಸಾಗಿಸೋ ಲಾರಿ ಓಡಿಸ್ತಾನೆ. ಹಿಂದೆ ತಗಡಿನ ದೊಡ್ಡ ಪೆಟ್ಟಿಗೆ ಇರುತ್ತಲ್ಲ, ಅಂಥದ್ದು. ಪಕ್ಕದ ಕನ್ನಡಿಯಲ್ಲಿ ಎಡಗಡೆ ಕಾಣುತ್ತೆ, ಬಲಗಡೆ ಕಾಣುತ್ತೆ. ನಟ್ಟ ನಡುವೆ, ಲಾರಿ ಬೆನ್ನ ಹಿಂದೆ ಏನಿದೆ ಅಂತ ಮಾತ್ರ ಒಂದು ಚೂರೂ ಕಾಣಲ್ಲ.

ಅವತ್ತು ರಾತ್ರಿ ಹನ್ನೊಂದೂವರೆ. ಓನರ್‌ನ ಅಂಗಳಕ್ಕೆ ಗಡಿಬಿಡಿ ಲಾರಿ ತಂದ. ಅಂಗಳ ಅಂದ್ರೆ ಸುತ್ತ ಕಾಂಪೌಂಡು, ಮುಂದೆ ಗೇಟು, ನೆಲಕ್ಕೆಲ್ಲ ಜಲ್ಲಿ, ಹಿಂದಿನ ಕೊನೆಯಲ್ಲಿ ಒಂದು ಹಳೇ ಬಾವಿ. ಬಾವಿ ಕಟ್ಟೆ ಒಂದು ಕಡೆ ಕುಸಿದಿದೆ. ಬೆಳಿಗ್ಗೆ ಬೇಗ ಹೊರಡಬೇಕು ಅಂತ ಲಾರಿ ಮೂತಿ ಗೇಟಿನ ಕಡೆಗೇ ಇರಬೇಕು ಅನ್ನೋದು ಓನರ್ ಹಾಕಿದ ರೂಲು. ಹಾಗಾಗಿ ದಿನಾ ರಾತ್ರಿ ಬಾವಿ ಕಡೆಗೆ ರಿವರ್ಸು. ಬಾವಿಗೂ ಲಾರಿಗೂ ನಾಲ್ಕು ಹೆಜ್ಜೆ ಬಿಟ್ಟು ನಿಲ್ಲಿಸಬೇಕು.

ಸ್ಟೀರಿಂಗ್ ಪಕ್ಕದಲ್ಲಿ ಅಂಗೈ ಅಗಲದ ಒಂದು ಪರದೆ. ಲಾರಿ ಹಿಂದೆ, ನಂಬರ್ ಪ್ಲೇಟಿನ ಮೇಲೆ ಒಂದು ಪುಟ್ಟ ಕ್ಯಾಮೆರಾ. ಎರಡರ ಮಧ್ಯೆ ವೈರ್ ಇಲ್ಲ. ರಿವರ್ಸ್ ಗೇರ್ ಹಾಕಿದ್ರೆ ಪರದೆ ತಾನೇ ಹತ್ತಿಕೊಳ್ಳುತ್ತೆ. ಪೀಂಕ್... ಪೀಂಕ್... ಅಂತ ಸದ್ದು. ಪರದೆಯಲ್ಲಿ ಜಲ್ಲಿ ಕಾಣ್ತು, ಬಾವಿ ಕಟ್ಟೆ ಕಾಣ್ತು. ಗಡಿಬಿಡಿ ಲಾರಿ ಹಿಂದಕ್ಕೆ ಬಿಡ್ತಾ ಬಂದ.

ಪರದೆಯಲ್ಲಿ ಗೆರೆ ಗೆರೆ ಬಂತು. ಜರ್‍ರ್... ಒಂದು ಕ್ಷಣ ಬೇರೆ ಚಿತ್ರ. ಯಾವುದೋ ಲಾರಿ ಬೆನ್ನು. ತಗಡಿನ ಎರಡು ಬಾಗಿಲು, ಚಿಲಕ, ಕೆಳಗೆ ನಂಬರು. ಮತ್ತೆ ಜರ್‍ರ್... ಮತ್ತೆ ಜಲ್ಲಿ, ಬಾವಿ ಕಟ್ಟೆ.

ಹಾಳಾಗಿ ಹೋಗ್ಲಿ, ಯಾರದೋ ಲಾರಿ ಚಿತ್ರ ನುಗ್ಗಿದೆ ಅಂದ್ಕೊಂಡು ಇಂಜಿನ್ ಆರಿಸಿದ, ಬೀಗ ಹಾಕ್ದ, ಗೇಟಿನ ಕಡೆ ನಡೆದ. ಅರ್ಧ ದಾರಿಗೆ ಬಂದಾಗ ಹೊಳೀತು...

ಆ ನಂಬರು ಅವನ ಲಾರಿದೇ.

ಯೋಚನೆ ಮಾಡಿ ನೋಡಿ. ಕ್ಯಾಮೆರಾ ಇರೋದು ಲಾರಿ ಬೆನ್ನ ಮೇಲೆ. ಅದು ನೋಡೋದು ಹಿಂದಕ್ಕೆ. ಅದಕ್ಕೆ ಲಾರಿ ಬೆನ್ನು ಕಾಣೋದು ಹೇಗೆ? ನನ್ನ ಬೆನ್ನು ನನ್ನ ಕಣ್ಣಿಗೆ ಕಾಣುತ್ತಾ?

ನಿಂತ. ಹಿಂದೆ ಜಲ್ಲಿ ಮೇಲೆ ಸದ್ದು. ಚರ್‍ರ್... ಚರ್‍ರ್... ಹಿಮ್ಮಡಿ ಸವೆದ ಚಪ್ಪಲಿ ಎಳೆದುಕೊಂಡು ಬರೋ ಸದ್ದು. ಇವನು ನಿಂತ ಮೇಲೆ ಎರಡು ಹೆಜ್ಜೆ ಹೆಚ್ಚಿಗೆ ಕೇಳಿ... ನಿಂತಿತು. ತಿರುಗಿ ನೋಡೋ ಧೈರ್ಯ ಯಾರಿಗಿದೆ? ಗಡಿಬಿಡಿ ಅಂತ ಹೆಸರಿಟ್ಟೋರು ಅವತ್ತು ಅವನ ಓಟ ನೋಡಬೇಕಿತ್ತು.

ಮನೆ ಬಾಗಿಲು ತೆಗೆದ ಹೆಂಡತಿ, ಮಕ್ಕಳು ಎದ್ದಾವು ಅಂತ ಪಿಸುಗುಟ್ಟಿದಳು. "ಇದೇನ್ರಿ ಈ ಬೆವರು?"

"ಓಡಿ ಬಂದೆ."

"ಯಾರು ಅಟ್ಟಿಸ್ಕೊಂಡು ಬಂದ್ರು?"

ಇವನು ಚೊಂಬು ನೀರು ಗಟಗಟ ಕುಡಿದ.

"ಅಜ್ಜಿ ಮತ್ತೆ ಹೇಳಿ ಕಳಿಸಿದಾರೆ," ಅಂದಳು. "ಕನ್ನಡಕ ಕೇಳ್ತಿದಾರೆ. ಯಾವಾಗ ಹೋಗ್ತೀರಿ?"

"ನಾಳೆ."

"ಎರಡು ತಿಂಗಳಿಂದ ಇದೇ ನಾಳೆ. ಎಲ್ಲದಕ್ಕೂ ಅವಸರ ನಿಮಗೆ, ಇದೊಂದಕ್ಕೆ ಮಾತ್ರ ಇಲ್ಲ," ಅಂತ ದೀಪ ಆರಿಸಿದಳು.

ಅಜ್ಜಿ ಯಾರು, ಕನ್ನಡಕ ಯಾವುದು ಅಂತ ಈಗ ಹೇಳಬೇಕು.

ಕ್ಯಾಮೆರಾ ಬರೋ ಮುಂಚೆ ಆ ಲಾರಿಯಲ್ಲಿ ಹದಿನಾರು ವರ್ಷ ಒಬ್ಬ ಮುದುಕ ಕ್ಲೀನರ್ ಇದ್ದ. ಎಲ್ಲರೂ ಬರ್ಲಿ ತಾತ ಅಂತಿದ್ರು. ಲಾರಿ ರಿವರ್ಸ್ ತಗೊಳ್ಳುವಾಗ ಇಳಿದು, ಸವೆದ ಚಪ್ಪಲಿ ಎಳೆದುಕೊಂಡು ಹೋಗಿ, ಹಿಂದೆ ಎಡಮೂಲೆಯಲ್ಲಿ ನಿಂತು ದಾರಿ ಹೇಳೋನು. ಬೇರೆ ಕ್ಲೀನರ್‌ಗಳು ಜಾಗ ಮುಗಿದಾಗ ತಗಡಿಗೆ ಧಬಧಬ ಬಡಿದು "ಹೋಲ್ಡಾನ್" ಅಂತ ಕಿರುಚ್ತಾರಲ್ಲ, ತಾತ ಹಾಗಲ್ಲ. "ಬರ್ಲಿ... ಬರ್ಲಿ... ಬರ್ಲಿ..." ಒಂದೇ ಸಮ, ಒಂದೇ ರಾಗ. ಜಾಗ ಇರೋ ತನಕ ಬರ್ಲಿ. ಜಾಗ ಮುಗೀತೋ, ಬಾಯಿ ಮುಚ್ಚೋನು. ಅಷ್ಟೇ.

ಗಡಿಬಿಡಿ ಹೊಸದರಲ್ಲಿ ಒಂದು ಸಲ ರೇಗಿದ್ದ. "ನಿಲ್ಲು ಅಂತ ಬಾಯಿಬಿಟ್ಟು ಹೇಳೋಕೆ ನಿನಗೇನು ದಾಡಿ ತಾತ?"

"ನಿಲ್ಲು ಅನ್ನೋ ಹೊತ್ತಿಗೇ ನಾನು ಎಡವಿ ಬಿದ್ರೆ? ಬಾಯಿಗೆ ಧೂಳು ಹೋಗಿ ಕೆಮ್ಮು ಹತ್ತಿದ್ರೆ? ಹೇಳೋದು ಕೇಳಿಸಲಿಲ್ಲ ಅಂತ ನೀನು ಬರ್ತಾನೇ ಇರ್ತೀಯಲ್ಲಪ್ಪ. ಬರ್ಲಿ ಅನ್ನೋದು ನನ್ನ ಕೆಲಸ. ಬರ್ಲಿ ಕೇಳಿಸಲಿಲ್ಲ ಅಂದ್ರೆ ನಿಲ್ಲೋದು ನಿನ್ನ ಕೆಲಸ."

ಹದಿನಾರು ವರ್ಷ ಹಾಗೇ ನಡೀತು. ತಾತನ ದನಿ ನಿಂತ್ರೆ ಗಡಿಬಿಡಿ ಕಾಲು ಅವನನ್ನ ಕೇಳದೇ ಬ್ರೇಕಿನ ಮೇಲೆ ಹೋಗೋದು. ರಾತ್ರಿ ಲಾರಿ ನಿಲ್ಲಿಸಿದ ಮೇಲೂ ತಾತ ಒಂದು ಸಲ ಬೆನ್ನ ಕಡೆ ಹೋಗಿ ನೋಡೋನು. ಚಿಲಕ ಸಡಿಲ, ಟೈರಲ್ಲಿ ಮೊಳೆ, ದೀಪ ಹೋಗಿದೆ, ಏನಾದ್ರೂ ಒಂದು ಹೇಳೋನು. "ನಿನ್ನ ಬೆನ್ನು ನಿನಗೆಲ್ಲಿ ಕಾಣುತ್ತೆ? ನಾನೇ ಹೇಳಬೇಕು," ಅನ್ನೋನು.

ಆಮೇಲೆ ತಾತನ ಮೊಣಕಾಲು ಸೋತವು. ಕ್ಯಾಬಿನ್ನಿಂದ ಇಳಿಯೋಕೆ ಐದು ನಿಮಿಷ, ಹತ್ತೋಕೆ ಹತ್ತು ನಿಮಿಷ. ಗಡಿಬಿಡಿಗೆ ಮೈಯೆಲ್ಲ ಉರಿಯೋದು. ಅಷ್ಟರಲ್ಲಿ ಗಾಡಿಗಳ ವೈರಿಂಗಿನವನು ಓನರ್ ಕಿವಿಗೆ ಕ್ಯಾಮೆರಾ ವಿಷಯ ಹಾಕಿದ. ವೈರ್ ಇರೋದಾದ್ರೆ ಲಾರಿ ಉದ್ದಕ್ಕೂ ತಗಡು ಬಿಚ್ಚಿ ಎಳೀಬೇಕು, ಒಂದು ದಿನದ ಕೆಲಸ. ವೈರ್ ಇಲ್ಲದ್ದು ಅರ್ಧ ಗಂಟೆ. ಬೇಡ ಅಂದ್ರೆ ಬಿಚ್ಚಿ ಇನ್ನೊಂದು ಗಾಡಿಗೆ ಹಾಕ್ಕೋಬಹುದು.

ಓನರ್ ಗಡಿಬಿಡಿನ ಕರೆದು ಕೇಳಿದ. "ಕ್ಯಾಮೆರಾ ಹಾಕ್ಸಿದ್ರೆ ನಿನಗೊಬ್ಬನಿಗೇ ಸಾಕಾಗುತ್ತಾ? ತಾತ ಬೇಕಾ?"

"ಸಾಕು," ಅಂದ ನಮ್ಮ ಗಡಿಬಿಡಿ.

ಒಂದೇ ಮಾತು. ಅಂದವನು ತಿರುಗಿ ನೋಡ್ತಾನೆ, ತಾತ ಹಿಂದೆ ಹಗ್ಗ ಸುತ್ತುತಾ ನಿಂತಿದಾನೆ. ಹಗ್ಗ ಸುತ್ತಿ ಗೂಟಕ್ಕೆ ನೇತುಹಾಕಿ ಮನೆಗೆ ಹೋದ.

ಸುಳ್ಳು ಯಾಕೆ ಹೇಳಲಿ, ಕ್ಯಾಮೆರಾದಿಂದ ಅನುಕೂಲ ಇತ್ತು. ಇಳಿಯೋದಿಲ್ಲ, ಹತ್ತೋದಿಲ್ಲ, ಕೂಗೋದಿಲ್ಲ. ಎರಡನೇ ವಾರ ಒಂದು ಸಂದಿಯಲ್ಲಿ ಚಕ್ರದ ಹಿಂದೆ ನಾಯಿ ಮಲಗಿದ್ದು ಪರದೆಯಲ್ಲಿ ಕಂಡು, ಅದು ಉಳೀತು. ಗಡಿಬಿಡಿ ಸಿಕ್ಕವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. ಆದ್ರೆ ತಾತ ಮಾತ್ರ ಕೆಲಸ ಇಲ್ಲದಿದ್ರೂ ದಿನಾ ಸಂಜೆ ಬಂದು ಆ ಬಾವಿ ಕಟ್ಟೆ ಮೇಲೆ ಕೂರೋನು. ಲಾರಿ ಬರೋದು ನೋಡೋನು, ಎದ್ದು ಹೋಗೋನು. ಗಡಿಬಿಡಿ ಮುಖ ಕೊಟ್ಟು ಮಾತಾಡಲಿಲ್ಲ. ಒಂಬತ್ತು ದಿನ ಹಾಗೆ. ಹತ್ತನೇ ದಿನ ತಾತ ಬರಲಿಲ್ಲ. ರಾತ್ರಿ ನಿದ್ದೆಯಲ್ಲೇ ಹೋಗಿಬಿಟ್ಟಿದ್ದ.

ಲೋಡ್ ಇದೆ ಅಂತ ಹೇಳಿ ಗಡಿಬಿಡಿ ಮಣ್ಣಿಗೆ ಹೋಗಲಿಲ್ಲ. ಯಾವ ಮುಖ ಇಟ್ಕೊಂಡು ಹೋಗ್ತಾನೆ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅನ್ನೋ ಹಾಗೆ, ತಾತನ ಹೆಂಡತಿ, ಆ ಅಜ್ಜಿ ಹೆಸರು ಎತ್ತಿದ್ರೆ ಸಾಕು, ಎದ್ದು ಹೊರಗೆ ಹೋಗೋನು. ಕೆಲಸದ ಕಡೇ ದಿನ ತಾತ ಲಾರಿಯಲ್ಲೇ ಬಿಟ್ಟುಹೋಗಿದ್ದ ಟಾರ್ಚು, ಕನ್ನಡಕ ಎರಡೂ ಸೀಟಿನ ಕೆಳಗೆ ಟವೆಲ್ಲಿನಲ್ಲಿ ಸುತ್ತಿದ ಹಾಗೇ ಇದ್ದವು. ತಾತನಿಗೂ ಅಜ್ಜಿಗೂ ಸೇರಿ ಅದೊಂದೇ ಕನ್ನಡಕ. ಹಗಲು ತಾತ, ರಾತ್ರಿ ಅಜ್ಜಿ. ಅದಿಲ್ಲದೆ ಅಜ್ಜಿಗೆ ಎದುರಿಗಿರೋದು ಮನುಷ್ಯನಾ ಕಂಬನಾ ತಿಳಿಯಲ್ಲ.

ಸರಿ. ಬೆನ್ನಿನ ಚಿತ್ರ ಕಂಡ ಮಾರನೇ ದಿನ ಗಡಿಬಿಡಿ ವೈರಿಂಗಿನವನ ಹತ್ರ ಹೋದ. ಅವನು ಕೂತಲ್ಲಿಂದ ಏಳಲಿಲ್ಲ.

"ವೈರ್ ಇಲ್ಲ ಅನ್ನೋದೇ ಇದರ ಗುಣ. ವೈರ್ ಇಲ್ಲ ಅನ್ನೋದೇ ಇದರ ರೋಗ," ಅಂದ. "ಗಾಳಿಯಲ್ಲಿ ಬರೋ ಚಿತ್ರ ಅಲ್ವಾ? ಮಧ್ಯೆ ಅಷ್ಟುದ್ದ ತಗಡು. ಒಂದೊಂದ್ಸಲ ನಡುಗುತ್ತೆ. ಒಂದೊಂದ್ಸಲ ತಡವಾಗಿ ಬರುತ್ತೆ. ಒಂದೊಂದ್ಸಲ ಹಿಂದಿನ ಚಿತ್ರವೇ ಹಾಗೇ ನಿಂತುಬಿಡುತ್ತೆ. ಅದೇ ಅಪಾಯ. ನೆಲ ಖಾಲಿ ಇದೆ ಅಂತ ತೋರಿಸ್ತಾನೇ ಇರುತ್ತೆ, ಅಲ್ಲಿ ಯಾರಾದ್ರೂ ಬಂದು ನಿಂತ್ರೂ."

"ಇನ್ನೊಂದು ಲಾರಿ ಚಿತ್ರ?"

"ಅಗ್ಗದ ಸೆಟ್ಟಲ್ಲಿ ಅದೂ ಉಂಟು. ಹತ್ತಿರದ ಗಾಡಿ ಕ್ಯಾಮೆರಾದ್ದು ನಿನ್ನ ಪರದೆಗೆ ನುಗ್ಗುತ್ತೆ. ನಿನ್ನ ಲಾರಿ ಬೆನ್ನೇ ಕಂಡ್ತು ಅಂದ್ರೆ ನಿನ್ನ ಬೆನ್ನಿಗೆ ಬೆನ್ನು ಕೊಟ್ಟು ಯಾವುದೋ ಗಾಡಿ ನಿಂತಿರಬೇಕು."

"ನನ್ನ ಬೆನ್ನಿಗೆ ಬಾವಿ ಇತ್ತು ಮಾರಾಯ."

"ಹಾಗಾದ್ರೆ ಬಾವಿಗೆ ಯಾರೋ ಕ್ಯಾಮೆರಾ ಹಾಕ್ಸಿದಾರೆ!" ಅಂತ ಹೊಟ್ಟೆ ಹಿಡ್ಕೊಂಡು ನಕ್ಕ. "ಒಂದು ದಿನ ಲಾರಿ ಬಿಡು, ವೈರ್ ಎಳೆದು ಕೊಡ್ತೀನಿ."

ಒಂದು ದಿನ ಬಿಡೋನು ಗಡಿಬಿಡಿ ಹೇಗಾದಾನು? "ಆಮೇಲೆ ನೋಡೋಣ," ಅಂತ ಹೊರಟೇಬಿಟ್ಟ.

ಅಲ್ಲಿಂದಾಚೆ ದಿನಾ ರಾತ್ರಿ ಅಂಗಳಕ್ಕೆ ಬಂದ್ರೆ ಕಣ್ಣು ಪರದೆ ಮೇಲೆ, ಕಿವಿ ಹೊರಗೆ. ಮೂರನೇ ರಾತ್ರಿ ಪೀಂಕ್ ಪೀಂಕ್ ಮಧ್ಯೆ ಇನ್ನೇನೋ ಕೇಳಿಸ್ತು. ಕಿಟಕಿ ಗಾಜು ಏರಿಸಿದ. ಆದ್ರೂ ಕೇಳಿಸ್ತು. ಎಡಮೂಲೆಯಿಂದ. ಸಣ್ಣಗೆ, ಒಂದೇ ರಾಗ...

ಹಾಡು ಹಾಕಿ ಜೋರು ಮಾಡಿದ. ಲಾರಿ ಅಡ್ಡಾದಿಡ್ಡಿ ನಿಲ್ಲಿಸಿ ಓಡಿದ. ನಾಲ್ಕನೇ ರಾತ್ರಿನೂ ಹಾಡು. ಐದನೇ ರಾತ್ರಿನೂ. ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಮಕ್ಕಳು ಅಪ್ಪಾ ಅಂದ್ರೂ ಬೆಚ್ಚಿಬೀಳೋನು.

ಆರನೇ ರಾತ್ರಿ. ಈಗ ಮಾತಾಡಬೇಡಿ.

ಗೇಟು ದಾಟಿ ಒಳಗೆ ಬಂದ. ಲಾರಿ ತಿರುಗಿಸಿ ಮೂತಿ ಗೇಟಿಗೆ ಮಾಡಿದ. ರಿವರ್ಸ್ ಗೇರ್ ಹಾಕ್ದ. ಪರದೆ ಹತ್ತಿಕೊಂಡ್ತು. ಜಲ್ಲಿ. ಬಾವಿ ಕಟ್ಟೆ. ಖಾಲಿ. ಹಾಡು ಹಾಕೋಣ ಅಂತ ಕೈ ಚಾಚಿದ, ಗುಂಡಿ ಒತ್ತಿದ... ಬರಲಿಲ್ಲ. ಇನ್ನೊಂದ್ಸಲ ಒತ್ತಿದ. ಬರಲಿಲ್ಲ. ಹಾಳಾಗ್ಲಿ, ಬೇಗ ಮುಗಿಸಿ ಓಡೋಣ ಅಂತ ಹಿಂದಕ್ಕೆ ಬಿಟ್ಟ.

ಪೀಂಕ್... ಪೀಂಕ್... ಚಕ್ರದ ಕೆಳಗೆ ಜಲ್ಲಿ ಕರಕರ ಅಂತಿತ್ತು.

"ಬರ್ಲಿ... ಬರ್ಲಿ..."

ಗಾಜು ಏರಿಸಿತ್ತು. ಎರಡೂ ಕಡೆ. ಆದ್ರೂ ಕಿವಿ ಹತ್ರನೇ ನಿಂತು ಹೇಳಿದ ಹಾಗೆ.

"ಬರ್ಲಿ... ಬರ್ಲಿ..."

ನಿಲ್ಲಿಸಿದ್ರೆ ಆ ದನಿ ಜೊತೆ ಕತ್ತಲಲ್ಲಿ ಕೂರಬೇಕು. ನಿಲ್ಲಿಸದೇ ಹೋದ್ರೆ ಆ ದನಿ ಕಡೆಗೇ ಹೋಗಬೇಕು. ಕಣ್ಣು ಪರದೆಗೆ ಅಂಟಿಸಿದ. ಪರದೆಯಲ್ಲಿ ಏನೂ ಇಲ್ಲ. ಜಲ್ಲಿ, ಕಟ್ಟೆ, ಖಾಲಿ. ಇನ್ನೂ ಎರಡು ಮಾರು ಇದೆ, ಧಾರಾಳ ಜಾಗ...

"ಬರ್ಲಿ... ಬರ್ಲಿ... ಬರ್..."

ನಿಂತುಹೋಯ್ತು.

ಮಾತು ಅರ್ಧಕ್ಕೇ ನಿಂತುಹೋಯ್ತು. ಗಡಿಬಿಡಿ ಯೋಚನೆ ಮಾಡಲಿಲ್ಲ. ಮಾಡಿದ್ರೆ ಪರದೆ ನಂಬಿ ಬಿಡ್ತಿದ್ದ, ಅವನೇ ಒಪ್ಕೋತಾನೆ. ಕಾಲು ತಾನೇ ಹೋಗಿ ಬ್ರೇಕ್ ತುಳೀತು. ಕ್ರೀಚ್... ಲಾರಿ ಜಗ್ಗಿ ನಿಂತಿತು. ಹಿಂದೆ ಖಾಲಿ ಪೆಟ್ಟಿಗೆಯಲ್ಲಿ ಕಬ್ಬಿಣದ ಸರಪಳಿ ಠಣ್ ಅಂತು.

ಪರದೆ ಮಾತ್ರ ಅದನ್ನೇ ತೋರಿಸ್ತಿತ್ತು. ಜಲ್ಲಿ. ಕಟ್ಟೆ. ಖಾಲಿ. ಲಾರಿ ಎರಡು ಮಾರು ಹಿಂದೆ ಬಂದಿದೆ, ಆದ್ರೆ ಪರದೆಯ ಕಟ್ಟೆ ಒಂದು ಅಂಗುಲನೂ ಹತ್ತಿರ ಬಂದಿಲ್ಲ. ಆಗ ಗಮನಿಸಿದ ಪುಣ್ಯಾತ್ಮ.

ಜರ್‍ರ್... ಗೆರೆ ಬಂತು.

ಲಾರಿ ಬೆನ್ನು. ಅವನದೇ ನಂಬರು. ಒಬ್ಬ ಮನುಷ್ಯ ನಿಂತ್ರೆ ಕಣ್ಣು ಎಷ್ಟು ಎತ್ತರಕ್ಕೆ ಬರುತ್ತೋ ಅಷ್ಟು ಎತ್ತರದಿಂದ. ಬಾವಿ ಕಡೆಯಿಂದ, ಎಡಮೂಲೆಯಿಂದ. ಬಲಗಡೆ ಬ್ರೇಕ್ ದೀಪ ಕೆಂಪಗೆ ಉರೀತಿದೆ. ಎಡಗಡೆದು ಕತ್ತಲು. ಮತ್ತೆ ಬಾಗಿಲಿಗೆ ಒತ್ತಿಕೊಂಡ ಹಾಗೆ ಒಂದು ಪುಟ್ಟ ಆಕಾರ. ಬಾಗಿದ ಬೆನ್ನು. ಒಂದು ಕೈ ಮುಂದೆ ಚಾಚಿ ತಗಡು ತಡವುತ್ತಾ ಇದೆ...

ಹೇಗೆ ಇಳಿದ ಅಂತ ಅವನಿಗೇ ಗೊತ್ತಿಲ್ಲ. ಹಿಂದಕ್ಕೆ ಓಡಿದ. ನಿಂತಿದ್ದು ತಾತನ ಹೆಂಡತಿ. ಅಜ್ಜಿ. ಬಂಪರಿಗೂ ಅವಳ ಹೊಟ್ಟೆಗೂ ಒಂದು ಗೇಣು. ಅವಳ ಹಿಂದೆ ಎರಡು ಹೆಜ್ಜೆಗೆ ಕುಸಿದ ಕಟ್ಟೆ.

"ಯಾರಪ್ಪಾ? ಗಡಿಬಿಡಿನಾ?" ಅಂದಳು. "ಲಾರಿ ಮುಂದಗಡೆ ಯಾವುದೋ, ಹಿಂದಗಡೆ ಯಾವುದೋ ಕಾಣ್ಲಿಲ್ಲ ಕಣಪ್ಪ. ನೀನು ಮನೆ ಕಡೆ ಬರೋ ಹಾಗೆ ಕಾಣ್ಲಿಲ್ಲ. ಅದಕ್ಕೇ ನಾನೇ ಬಂದು, ಇಲ್ಲೇ ಕೂತು ತೂಕಡಿಸ್ತಿದ್ದೆ. ಲಾರಿ ಸದ್ದಿಗೆ ಎದ್ದು ಬಂದೆ. ಕನ್ನಡಕ ಕೊಡ್ತೀಯಾ?"

ಅವನು ಅಲ್ಲೇ ಜಲ್ಲಿ ಮೇಲೆ ಕುಸಿದು ಕೂತ. ಅವಳ ಕಾಲು ಹಿಡ್ಕೊಂಡು ಚಿಕ್ಕ ಮಗು ಹಾಗೆ ಅತ್ತ. "ನಾನೇ ಸಾಕು ಅಂದಿದ್ದು ಅಜ್ಜಿ... ಓನರ್ ಕೇಳಿದಾಗ ನಾನೇ ಅಂದಿದ್ದು..."

"ಗೊತ್ತು," ಅಂದಳು ಅಜ್ಜಿ. "ಅವತ್ತೇ ಬಂದು ಹೇಳಿದ್ರು. ಹುಡುಗ ಅವಸರದಲ್ಲಿ ಅಂದ, ಬಿಡು, ಅಂದ್ರು. ಏಳು, ಜಲ್ಲಿ ಚುಚ್ಚುತ್ತೆ."

ಅವನು ಎದ್ದು ಸೀಟಿನ ಕೆಳಗಿನ ಟವೆಲ್ ತಂದುಕೊಟ್ಟ. ಅಜ್ಜಿ ಕನ್ನಡಕ ಹಾಕ್ಕೊಂಡಳು. ಮೊದಲು ಅವನ ಮುಖ ನೋಡಿದಳು. ಆಮೇಲೆ ಅವನ ಭುಜದಾಚೆ, ಲಾರಿಯ ಎಡಮೂಲೆ ಕಡೆ ನೋಡ್ತಾ ನಿಂತಳು.

"ಯಾರಾದ್ರೂ... ಇದಾರಾ ಅಜ್ಜಿ?" ಪಿಸುಮಾತಲ್ಲಿ ಕೇಳಿದ.

"ಗಾಜು ಧೂಳು ಹಿಡಿದಿದೆ," ಅಂದಳು. ಸೆರಗಿನಲ್ಲಿ ಒರೆಸಿಕೊಂಡು ಮುಂದೆ ನಡೆದಳು. ಗಡಿಬಿಡಿ ಅವಳ ಕೈ ಹಿಡಿದು ಮನೆ ತನಕ ಬಿಟ್ಟು ಬಂದ. ಅಷ್ಟು ನಿಧಾನ ಅವನು ಜೀವಮಾನದಲ್ಲೇ ನಡೆದಿರಲಿಲ್ಲವಂತೆ. ಹಿಂದೆ ಚಪ್ಪಲಿ ಸದ್ದು ಕೇಳಲಿಲ್ಲ.

ಈಗ ನೀವು ಹೇಳ್ತೀರಿ, ಚಿತ್ರ ನಿಂತುಹೋಗಿದ್ದಕ್ಕೆ ಕಾರಣ ವೈರಿಂಗಿನವನು ಮೊದಲೇ ಹೇಳಿದ್ದನಲ್ಲ ಅಂತ. ಒಪ್ಪಿದೆ. ಆ ದನಿ? ತಪ್ಪು ಮಾಡಿದವನ ಕಿವಿಯಲ್ಲಿ ಏನು ಬೇಕಾದ್ರೂ ಕೇಳುತ್ತೆ. ಅದನ್ನೂ ಒಪ್ಪಿದೆ, ಹೋಗ್ಲಿ.

ಮಾರನೇ ದಿನ ಗಡಿಬಿಡಿ ಓನರ್ ಎದುರು ನಿಂತು, ಲಾರಿ ಒಂದು ದಿನ ಓಡಲ್ಲ, ಮತ್ತೆ ನನಗೆ ಹಿಂದೆ ನಿಲ್ಲೋಕೆ ಒಬ್ಬ ಆಳು ಬೇಕು, ಇಲ್ಲಾಂದ್ರೆ ಬೀಗದ ಕೈ ತಗೊಳ್ಳಿ ಅಂದ. ಓನರ್ ಗೊಣಗಿದ, ಕೊನೆಗೆ ಒಪ್ಪಿದ. ಕ್ಯಾಮೆರಾ ತೆಗೆಸಲಿಲ್ಲ, ಅದು ನಾಯಿ ಜೀವ ಉಳಿಸಿದ್ದು ಸುಳ್ಳಲ್ಲವಲ್ಲ. ವೈರ್ ಎಳೆಸಿದ. ಹೊಸ ಕ್ಲೀನರ್‌ಗೆ ಮೊದಲ ದಿನವೇ ಪಾಠ, "ಹೋಲ್ಡಾನ್ ಅನ್ನೋ ಹಾಗಿಲ್ಲ. ಜಾಗ ಇರೋ ತನಕ ಬರ್ಲಿ, ಮುಗಿದ್ರೆ ಬಾಯಿ ಮುಚ್ಚು." ಅಜ್ಜಿ ಮನೆಗೆ ಈಗ ವಾರಕ್ಕೊಂದ್ಸಲ ಹೋಗಿ ಬರ್ತಾನೆ.

ಆದ್ರೆ ನಾನು ಹೇಳಬೇಕಾದ್ದು ಇದಲ್ಲ. ವೈರ್ ಎಳೆದಾದ ಮೇಲೆ ವೈರಿಂಗಿನವನು ಹಿಂದೆ ನಿಂತು ಕೂಗಿದ, "ಬ್ರೇಕ್ ತುಳಿ, ದೀಪ ನೋಡ್ತೀನಿ." ಗಡಿಬಿಡಿ ತುಳಿದ.

"ಬಲಗಡೆ ಹತ್ತಿದೆ. ಎಡಗಡೆದು ಸುಟ್ಟುಹೋಗಿದೆ ಕಣೋ. ಯಾವಾಗ ಹೋಯ್ತು?"

ಬ್ರೇಕ್ ತುಳಿದಿರೋವಾಗ ಮಾತ್ರ ಹತ್ತೋ ದೀಪ ಅದು. ತುಳಿಯೋನು ಮುಂದೆ ಕೂತಿರ್ತಾನೆ. ಹಿಂದೆ ಯಾರಾದ್ರೂ ನಿಂತು ನೋಡಿ ಹೇಳದೇ ಇದ್ರೆ ಅದು ಡ್ರೈವರ್‌ಗೆ ಗೊತ್ತಾಗೋ ಹಾಗೇ ಇಲ್ಲ. ನಮ್ಮ ಗಡಿಬಿಡಿಗೆ ಮಾತ್ರ ಆ ರಾತ್ರಿ ಪರದೆಯಲ್ಲಿ ಕಂಡಾಗಲೇ ಗೊತ್ತಾಗಿತ್ತು.

ಆ ಸುಟ್ಟ ಬಲ್ಬು ಅವನ ಮನೆಯಲ್ಲಿ, ಅಡುಗೆಮನೆ ಕಿಟಕಿ ಮೇಲೆ, ಉಪ್ಪಿನ ಡಬ್ಬಿ ಪಕ್ಕದಲ್ಲಿದೆ. ನಾನೇ ಕೈಯಲ್ಲಿ ಹಿಡಿದು ನೋಡಿದೀನಿ.